ಕಾಳು, ಬೂಷ್ಟು ಮತ್ತು ಇತಿಹಾಸದ ಸಾಕ್ಷ್ಯ: ಬಳ್ಳಾರಿ ಸೀಮೆಯ ಬೀಜಗಳನ್ನು ಕುರಿತ ಒಂದು ವಿಚಾರ

೧

ಬಳ್ಳಾರಿ ನಗರಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ಸಂಗನಕಲ್ಲು, ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆ ಮತ್ತು ಕುರುಗೋಡು, ಈ ಮೂರು ಊರುಗಳ ಬೆಟ್ಟಗಳಲ್ಲಿ ನವಶಿಲಾಯುಗದ ಜನರು ನೆಲೆಸಿದ್ದರೆಂಬುದು ಇತಿಹಾಸಾಭ್ಯಾಸಿಗಳಿಗೆಲ್ಲ ತಿಳಿದ ಸಂಗತಿ. ರಾಬರ್ಟ್ ಬ್ರೂಸ್ ಫೂಟ್ ೧೮೭೨ರಲ್ಲಿ ಸಂಗನಕಲ್ಲಿನ ಬಳಿಯ ಕಪ್ಪಗಲ್ಲು ಬೆಟ್ಟದಲ್ಲಿ ಕಲ್ಲುಕೊಡಲಿಗಳನ್ನು ತಯಾರಿಸುತ್ತಿದ್ದ ನೆಲೆಯನ್ನು ಗುರುತಿಸಿದನು. ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿ, ಬಳ್ಳಾರಿಯ ಶಿಲಾಯುಗ ಸಂಸ್ಕೃತಿಗಳನ್ನು ಕುರಿತ ಗ್ರಂಥವನ್ನು ೧೯೪೮ರಲ್ಲಿ ಪ್ರಕಟಿಸಿದರು. ತೆಕ್ಕಲಕೋಟೆಯಲ್ಲಿ ಎಂ. ಎಸ್. ನಾಗರಾಜರಾವ್ ಮತ್ತು ಕೆ. ಸಿ. ಮಲ್ಹೋತ್ರ ಅವರು ೧೯೬೩-೬೪ರಲ್ಲಿ ಅಗೆತ ಕೈಗೊಂಡು, ಅದರ ವರದಿಯನ್ನು ೧೯೬೫ರಲ್ಲಿ ಹೊರತಂದರು. ಈ ಬರವಣಿಗೆಗಳಲ್ಲಿ ಕೊಡಲಿ, ಮಡಕೆ, ಮನೆಯ ನೆಲ, ಸಮಾಧಿ ಇವುಗಳ ವಿವರಣೆಗೆ ಹೆಚ್ಚಿನ ಸ್ಥಾನ ದೊರೆಯಿತು. ಆ ಜನ ತಿಂದದ್ದೇನು, ಬಿತ್ತಿದ್ದೇನು ಎಂಬ ಪ್ರಶ್ನೆಗೆ ಸಮರ್ಪಕವಾದ ಉತ್ತರ ದೊರೆತದ್ದು ಬಹಳ ತಡವಾಗಿ.

ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಮಣ್ಣು ತಳಕ್ಕಿಳಿದು, ಸುಟ್ಟು ಕರಿದ ಕಾಳು ಮೇಲೆ ತೇಲುತ್ತದೆ. ಇಷ್ಟು ಸರಳವಾದ ವಿಧಾನದಿಂದ ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ಅವರ ಸಹೋದ್ಯೋಗಿಗಳು ಸಂಗನಕಲ್ಲು, ತೆಕ್ಕಲಕೋಟೆ, ಕುರುಗೋಡು ಮೊದಲಾದ ನೆಲೆಗಳ ಮಣ್ಣನ್ನು ಪರಿಶೀಲಿಸಿ, ತಮ್ಮ ಪ್ರಾಥಮಿಕ ಫಲಿತಾಂಶಗಳನ್ನು ೨೦೦೪ರಲ್ಲಿ ಪ್ರಕಟಿಸಿದರು. ಅದರಿಂದ ಸ್ಪಷ್ಟವಾದುದೇನೆಂದರೆ, ದಕ್ಷಿಣದ ನವಶಿಲಾಯುಗದ ಕೃಷಿಗೆ ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಜಾತಿಗೆ ಸೇರಿದ ಒಂದು ಸಣ್ಣ ಹುಲ್ಲುಧಾನ್ಯ ಇವೇ ಆಧಾರವಾಗಿದ್ದುವು. ಗೋದಿ, ಜವೆ, ಅವರೆ ಮುಂತಾದುವು ಬಳಿಕ ಬಂದು ಸೇರಿದುವು. ಕ್ರಿ. ಪೂ. ಎರಡನೆಯ ಸಹಸ್ರಮಾನದಲ್ಲಿ ಈ ಬೆಟ್ಟಗಳ ಮೇಲೆ ಬಿತ್ತಿದ ಹೆಸರು ಮತ್ತು ಹುರುಳಿಯನ್ನು ಇಂದಿಗೂ ಅವೇ ಬೆಟ್ಟಗಳ ಕೆಳಗಿನ ಹೊಲಗಳಲ್ಲಿ ಬಿತ್ತುತ್ತಾರೆ. ಬಿತ್ತನೆಯ ಬೀಜವನ್ನು ಒಂದು ಸುಗ್ಗಿಯಿಂದ ಮುಂದಿನ ಮುಂಗಾರಿನವರೆಗೆ ಕೆಡದಂತೆ ಕಾಯುವ ಕೆಲಸವನ್ನು ಈ ಸೀಮೆಯ ಜನ ಸುಮಾರು ನಾಲ್ಕು ಸಹಸ್ರ ವರ್ಷಗಳಿಂದ ಮಾಡುತ್ತ ಬಂದಿದ್ದಾರೆ ಎಂದಾಯಿತು.

ಪ್ರಸ್ತುತ ಲೇಖನಕ್ಕೆ ನಿಮಿತ್ತವಾದದ್ದು ವಿದ್ಯಾರ್ಥಿಯೊಬ್ಬನ ಪ್ರಶ್ನೆ. ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ವಸ್ತುಸಂಗ್ರಹಾಲಯಕ್ಕೆ ನಮ್ಮ ತರಗತಿಯವರನ್ನು ಕರೆದೊಯ್ದಿದ್ದಾಗ, ಪ್ರಾಚೀನ ಕಾಳುಗಳ ಮಾತು ಬಂದಿತು. ಆಗ ಅವನು, “ಸಾರ್, ಕಾಳಿನಲ್ಲಿರುವ ಪೆಪ್ಟೈಡುಗಳಿಂದ ಮನುಷ್ಯರ ಬೂಷ್ಟುರೋಗಕ್ಕೆ ಔಷಧ ಮಾಡುತ್ತಾರಂತೆ. ಹಾಗಾದರೆ ನಮ್ಮ ಹಿರಿಯರಿಗೆ ಇದು ಮೊದಲೇ ಗೊತ್ತಿತ್ತಲ್ಲವೆ?” ಎಂದು ಕೇಳಿದನು. ಹೌದೆಂದು ಹೇಳಿದ್ದರೆ ತರಗತಿಗೆ ಸಂತೋಷವಾಗುತ್ತಿತ್ತು. ಇಲ್ಲವೆಂದು ಹೇಳಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತಿತ್ತು. ಎರಡೂ ಉತ್ತರಗಳು ಸರಿಯಲ್ಲವೆಂದು ನನಗೆ ಅಂದೇ ತೋರಿತಾದರೂ, ಏಕೆ ಸರಿಯಲ್ಲವೆಂಬುದನ್ನು ಕ್ರಮವಾಗಿ ಹೇಳಲು ಸಾಧ್ಯವಾಗಲಿಲ್ಲ. ಆ ಪ್ರಯತ್ನವನ್ನು ಇಲ್ಲಿ ಮಾಡಲಾಗಿದೆ.

೨

ಮೊದಲಿಗೆ, ಕಾಳನ್ನು ಕಾಯ್ದವರ ಕೈಕೆಲಸವನ್ನು ನೋಡೋಣ. ಬಳ್ಳಾರಿಯ ಎರೆಭೂಮಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೦೦ ಮಿಲಿಮೀಟರು ಮಾತ್ರ. ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈಕೊಡುವುದುಂಟು. ೧೮೭೬-೭೮ರ ಮಹಾಕ್ಷಾಮದಲ್ಲಿ ಮದ್ರಾಸ್ ಆಧಿಪತ್ಯದ ಜಿಲ್ಲೆಗಳ ಪೈಕಿ ಅತಿ ಹೆಚ್ಚು ನೊಂದವುಗಳಲ್ಲಿ ಬಳ್ಳಾರಿಯೂ ಒಂದು. ಇಂತಹ ಸೀಮೆಯಲ್ಲಿ ಜೋಳವನ್ನು ವರ್ಷಗಟ್ಟಲೆ ಇಡುವುದು ಜೀವ ಉಳಿಸಿಕೊಳ್ಳುವ ಉಪಾಯವೇ ಆಗಿದ್ದಿತು.

ಇದಕ್ಕಾಗಿ ಬಳಕೆಯಲ್ಲಿದ್ದುದು ಹಗೇವು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿಯುಳ್ಳ ಗುಂಡಿಯನ್ನು ತೋಡಿ, ಒಳಗೆ ಒಣಹುಲ್ಲು ಸುಟ್ಟು ಗೋಡೆಯ ತೇವವನ್ನು ಆರಿಸಿ, ಸುತ್ತಲೂ ಜೋಳದ ದಂಟು ಮತ್ತು ಹುಲ್ಲನ್ನು ಒತ್ತಾಗಿ ಹಾಸಿ, ಚೆನ್ನಾಗಿ ಒಣಗಿದ ಜೋಳವನ್ನು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣಿನಿಂದ ಮೆತ್ತುತ್ತಿದ್ದರು. ಮುಚ್ಚಿದ ಹಗೇವಿನೊಳಗೆ ಕಾಳು ತಾನೇ ಉಸಿರಾಡಿ ಆಮ್ಲಜನಕವನ್ನು ತೀರಿಸುತ್ತದೆ, ಇಂಗಾಲದ ಡೈಆಕ್ಸೈಡು ತುಂಬಿಕೊಳ್ಳುತ್ತದೆ. ಆ ಗಾಳಿಯಲ್ಲಿ ಹುಳು ಬದುಕಲಾರದು, ಬೂಷ್ಟೂ ಹಬ್ಬಲಾರದು. ಹಗೇವಿನ ಬಾಯಿ ತೆರೆದೊಡನೆ ಯಾರೂ ಒಳಗಿಳಿಯಬಾರದು, ಮೊದಲು ದೀಪವನ್ನು ಇಳಿಬಿಟ್ಟು ನೋಡಬೇಕು ಎಂಬ ಕಟ್ಟಳೆ ಈ ಕಾರಣದಿಂದಲೇ ಹುಟ್ಟಿದುದು. ದೀಪ ಆರುವ ಹಗೇವಿನಲ್ಲಿ ಮನುಷ್ಯನ ಉಸಿರೂ ನಿಲ್ಲುತ್ತದೆ. ಅಚಾತುರ್ಯದಿಂದ ಇಳಿದು ಪ್ರಾಣ ಕಳೆದುಕೊಂಡವರ ಕಥೆಗಳು ಹಳ್ಳಿಹಳ್ಳಿಗಳಲ್ಲಿ ಕೇಳಿಬರುತ್ತವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕುರುಗೋಡಿನ ಬಳಿಯ ಹಿರಿಯ ರೈತರೊಬ್ಬರು ನನಗೆ ಹೇಳಿದ ಮಾತು ಹೀಗಿದೆ: “ನೋಡ್ರಿ ಮೇಷ್ಟ್ರೆ, ಉಣ್ಣೋ ಜ್ವಾಳ ಹಗೇವಿಗೆ. ಬೀಜದ ಜ್ವಾಳ ಹಗೇವಿಗೆ ಹಾಕಂಗಿಲ್ಲ. ಅದಕ್ಕ ತೆನಿ ಆರಿಸಿ ಬ್ಯಾರೆ ಇಡ್ತಿದ್ವಿ.” ಗಾಳಿಯಿಲ್ಲದ ಹಗೇವಿನಲ್ಲಿ ಬಹುಕಾಲ ಉಳಿದ ಕಾಳು ತಿನ್ನಲು ಯೋಗ್ಯವಾಗಿದ್ದರೂ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಬಿತ್ತನೆಗೆಂದು ಹೊಲದಲ್ಲಿಯೇ ತುಂಬಿದ, ರೋಗವಿಲ್ಲದ ತೆನೆಗಳನ್ನು ಆರಿಸಿ, ಮನೆಯೊಳಗೆ ಒಲೆಯ ಹೊಗೆ ತಾಗುವೆಡೆಯಲ್ಲಿ ಕಟ್ಟಿಡುತ್ತಿದ್ದರು. ಹೆಸರು, ಅಲಸಂದೆ, ಹುರುಳಿಗಳಿಗೆ ಬೂದಿ ಬೆರೆಸಿ ಗಡಿಗೆಯಲ್ಲಿಟ್ಟು, ಮೇಲೆ ಬೇವಿನ ಸೊಪ್ಪು ಹರಡುತ್ತಿದ್ದರು. ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಈ ಕೆಲಸದ ಬಹುಭಾಗ ಹೆಂಗಸರ ಕೈಯಲ್ಲಿದ್ದಿತು. ಶಾಸನಗಳಲ್ಲಾಗಲಿ ಕಂದಾಯದ ದಾಖಲೆಗಳಲ್ಲಾಗಲಿ ಅವರ ಈ ಕೆಲಸಕ್ಕೆ ಸ್ಥಾನ ದೊರೆಯದಿರುವುದಕ್ಕೆ ಅದೂ ಒಂದು ಕಾರಣವಿರಬಹುದು.

ಇದರಿಂದ ಏನು ಸಿದ್ಧವಾಗುತ್ತದೆ? ತೇವ ಬೂಷ್ಟಿಗೆ ಮೂಲ, ಒಣಗಿದ ಕಾಳು ಕೆಡದು, ಆಹಾರದ ಕಾಳಿಗೂ ಬೀಜದ ಕಾಳಿಗೂ ರಕ್ಷಣೆ ಬೇರೆ ಬೇರೆ, ಒಂದು ತಳಿಯ ಕಾಳು ಇನ್ನೊಂದಕ್ಕಿಂತ ಹೆಚ್ಚು ತಾಳುತ್ತದೆ: ಈ ನಾಲ್ಕು ಸಂಗತಿಗಳು ರೈತರಿಗೆ ಚೆನ್ನಾಗಿ ತಿಳಿದಿದ್ದುವು. ಕಾಳು ಏಕೆ ತಾಳುತ್ತದೆ ಎಂಬುದನ್ನು ಅವರು ತಳಿಯ ಗುಣವೆಂದು ಕರೆದು ಅಷ್ಟಕ್ಕೇ ಬಿಟ್ಟರು. ಈ ಸೀಮೆಯ ಕುಡತಿನಿ ಮೊದಲಾದೆಡೆಗಳಲ್ಲಿ ಸಗಣಿ ಸುಟ್ಟ ಬೂದಿಯ ದೊಡ್ಡ ದಿಬ್ಬಗಳು ನವಶಿಲಾಯುಗದಿಂದ ಉಳಿದು ಬಂದಿವೆ. ಇಂದಿನ ಗಡಿಗೆಯ ಬೂದಿಯನ್ನು ಆ ದಿಬ್ಬಗಳಿಗೆ ತಳಕು ಹಾಕುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ ಅವೆರಡನ್ನು ಜೋಡಿಸುವ ಸಾಕ್ಷ್ಯ ನಮ್ಮ ಬಳಿ ಇಲ್ಲದಿರುವಾಗ ಹಾಗೆ ಮಾಡುವುದು ಇತಿಹಾಸವಾಗದು.

೩

ಎರಡನೆಯ ಘಟ್ಟ ಸರ್ಕಾರದ ಕೃಷಿ ಸಂಶೋಧನೆಯದು. ೧೮೦೦ರಲ್ಲಿ ನಿಜಾಮನು ಬಿಟ್ಟುಕೊಟ್ಟ ಜಿಲ್ಲೆಗಳೊಡನೆ ಬಳ್ಳಾರಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ೧೯೫೩ರ ಅಕ್ಟೋಬರ್ ೧ರವರೆಗೆ ಮದ್ರಾಸಿನ ಆಡಳಿತಕ್ಕೆ ಒಳಪಟ್ಟಿದ್ದಿತು. ಆ ಸರ್ಕಾರ ೧೯೦೬ರಲ್ಲಿ ಹಗರಿಯಲ್ಲಿಯೂ, ತುಂಗಭದ್ರಾ ಯೋಜನೆಯ ನೀರನ್ನು ಎರೆಭೂಮಿಗೆ ಹಾಯಿಸಬಹುದೇ ಎಂಬುದನ್ನು ಪರೀಕ್ಷಿಸುವ ಸಲುವಾಗಿ ೧೯೩೭ರಲ್ಲಿ ಸಿರುಗುಪ್ಪದಲ್ಲಿಯೂ ಕೃಷಿ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. ಎರಡು ಕೇಂದ್ರಗಳೂ ಇಂದು ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನದಲ್ಲಿವೆ.

ಈ ಕಾಲದ ವಿಜ್ಞಾನಿಗಳಿಗೆ ಬೂಷ್ಟು ಹೊರಗಿನ ಶತ್ರು. ಅದಕ್ಕೆ ಮದ್ದೂ ಹೊರಗಿನಿಂದಲೇ ಬರಬೇಕಾಗಿದ್ದಿತು. ಜೋಳದ ಕಾಡಿಗೆ ರೋಗ ಇದಕ್ಕೆ ಒಳ್ಳೆಯ ನಿದರ್ಶನ. ರೋಗ ಹಿಡಿದ ತೆನೆಯಲ್ಲಿ ಕಾಳಿನ ಬದಲು ಕರಿಯ ಪುಡಿಯ ಚೀಲಗಳಿರುತ್ತವೆ. ಒಕ್ಕಣೆ ಮಾಡುವಾಗ ಅವು ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಾಣುಗಳು ಒಳ್ಳೆಯ ಕಾಳಿನ ಮೈಗೆ ಅಂಟಿಕೊಳ್ಳುತ್ತವೆ. ಹೀಗಾಗಿ, ಎಷ್ಟೇ ಎಚ್ಚರದಿಂದ ಆರಿಸಿದ ಬೀಜದೊಡನೆಯೂ ರೋಗ ಮರುವರ್ಷದ ಹೊಲಕ್ಕೆ ಹೋಗಬಹುದು. ರೈತನ ಕಣ್ಣಿಗೆ ಮೀರಿದ ಈ ಸಂಗತಿಯನ್ನು ಸೂಕ್ಷ್ಮದರ್ಶಕ ತೋರಿಸಿತು. ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದುವುದು, ಬಳಿಕ ಗಂಧಕದ ನಯವಾದ ಪುಡಿಯನ್ನು ಲೇಪಿಸುವುದು ರೂಢಿಗೆ ಬಂದುವು. ಇದು ಅಲ್ಪಖರ್ಚಿನ, ಫಲಕಾರಿಯಾದ ಉಪಾಯ. ಕೃಷಿ ಇಲಾಖೆಯ ನಿಜವಾದ ಸೇವೆಗಳಲ್ಲಿ ಇದನ್ನೂ ಎಣಿಸಬೇಕು.

ಇನ್ನೊಂದು ಮಾರ್ಗವೆಂದರೆ ತಾಳಿಕೆಯುಳ್ಳ ತಳಿಗಳ ಆಯ್ಕೆ. ಹತ್ತಿಯ ಸೊರಗು ರೋಗಕ್ಕೆ ಕಾರಣವಾದ ಫ್ಯುಸೇರಿಯಂ ಎಂಬ ಬೂಷ್ಟು ಮಣ್ಣಿನಲ್ಲಿ ಅವಿತಿರುವುದರಿಂದ ಬೀಜಕ್ಕೆ ಪುಡಿ ಲೇಪಿಸಿ ಫಲವಿಲ್ಲ. ಅದಕ್ಕಾಗಿ ನೆರೆಯ ಧಾರವಾಡದಲ್ಲಿ ಜಯವಂತ, ಜಯಧರ ಎಂಬ ಹೆಸರಾಂತ ತಳಿಗಳು ಸಿದ್ಧವಾದುವು. ರೋಗ ಹತ್ತಿದ ಹೊಲದಲ್ಲಿ ಸಾಯದೆ ಉಳಿದ ಗಿಡವನ್ನು ಆರಿಸುವುದೇ ಇಂತಹ ಕೆಲಸದ ತಿರುಳು. ಈ ದೃಷ್ಟಿಯಿಂದ ಸಂಶೋಧನಾ ಕೇಂದ್ರದ ವಿಜ್ಞಾನಿ, ತೆನೆ ಆರಿಸುವ ರೈತನ ಉತ್ತರಾಧಿಕಾರಿಯೇ ಆಗಿದ್ದನು. ಇವನಿಗೂ ಗಿಡದೊಳಗಿನ ಯಾವ ವಸ್ತು ಅದನ್ನು ಉಳಿಸಿತೆಂಬುದು ಮುಖ್ಯವಾಗಿರಲಿಲ್ಲ.

ಮನುಷ್ಯನ ಬೂಷ್ಟುರೋಗಗಳಿಗೆ ಮದ್ದು ಹುಡುಕಿದವರೂ ಇದೇ ಅವಧಿಯಲ್ಲಿ ಬೀಜದ ಕಡೆಗೆ ನೋಡಲಿಲ್ಲ, ಮಣ್ಣಿನ ಕಡೆಗೆ ನೋಡಿದರು. ೧೯೫೦ರಲ್ಲಿ ಎಲಿಜಬೆತ್ ಹೇಜನ್ ಮತ್ತು ರೇಚೆಲ್ ಬ್ರೌನ್ ಎಂಬ ಇಬ್ಬರು ಅಮೆರಿಕನ್ ಮಹಿಳೆಯರು ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಎಂಬ ಔಷಧವನ್ನು ಪಡೆದರು. ಅದೇ ದಶಕದಲ್ಲಿ ಆಂಫೊಟೆರಿಸಿನ್ ಬಂದಿತು. ಮೂಲತಃ ಕರ್ನಾಟಕದವರಾದ ಎಂ. ಜೆ. ತಿರುಮಲಾಚಾರ್ ಅವರು ಪುಣೆಯ ಬಳಿಯ ಪಿಂಪ್ರಿಯ ಹಿಂದುಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆಯಲ್ಲಿ ಹೇಮೈಸಿನ್ ಮತ್ತು ಆರಿಯೊಫಂಗಿನ್ ಎಂಬ ಬೂಷ್ಟುನಾಶಕಗಳನ್ನು ಬೆಳಕಿಗೆ ತಂದು, ೧೯೬೭ರಲ್ಲಿ ಶಾಂತಿಸ್ವರೂಪ್ ಭಟ್ನಾಗರ್ ಪುರಸ್ಕಾರಕ್ಕೆ ಪಾತ್ರರಾದರು. ಇವೂ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಜೀವಿಗಳಿಂದ ದೊರೆತವೇ.

೪

ಬೀಜದೊಳಗಿನ ವಸ್ತು ಮೊದಲು ಸ್ಪಷ್ಟವಾಗಿ ಕಂಡದ್ದು ಬೇರೊಂದು ಕೆಲಸದ ನಡುವೆ. ೧೯೪೨ರಲ್ಲಿ ಅಮೆರಿಕದಲ್ಲಿ ಬಾಲ್ಸ್, ಹೇಲ್ ಮತ್ತು ಹ್ಯಾರಿಸ್ ಎಂಬ ವಿಜ್ಞಾನಿಗಳು ಗೋದಿಯ ಹಿಟ್ಟಿನಿಂದ ಒಂದು ಚಿಕ್ಕ ಪ್ರೋಟೀನನ್ನು ಹರಳುಗಳ ರೂಪದಲ್ಲಿ ಬೇರ್ಪಡಿಸಿದರು. ಅದೇ ವರ್ಷ ಸ್ಟುವರ್ಟ್ ಮತ್ತು ಹ್ಯಾರಿಸ್ ಅವರು ಅದು ಬ್ಯಾಕ್ಟೀರಿಯ ಮತ್ತು ಬೂಷ್ಟುಗಳನ್ನು ಕೊಲ್ಲುತ್ತದೆಂದು ತೋರಿಸಿದರು. ಪ್ಯೂರೋಥಯೊನಿನ್ ಎಂದು ಹೆಸರು ಪಡೆದ ಈ ವಸ್ತು ಅನಂತರ ಬಹುಕಾಲ ವಿಶೇಷ ಗಮನವಿಲ್ಲದೆ ಉಳಿಯಿತು. ಪೆನಿಸಿಲಿನ್ ಬಳಕೆಗೆ ಬರುತ್ತಿದ್ದ ಆ ದಿನಗಳಲ್ಲಿ ಗೋದಿಹಿಟ್ಟಿನ ಪ್ರೋಟೀನಿನ ಮೇಲೆ ಜಗತ್ತಿನ ಕಣ್ಣು ಬೀಳದಿದ್ದುದರಲ್ಲಿ ಆಶ್ಚರ್ಯವೇನೂ ಇಲ್ಲ. ೧೯೭೨ರಲ್ಲಿ, ಸಸ್ಯರೋಗ ತರುವ ಬ್ಯಾಕ್ಟೀರಿಯಗಳ ಮೇಲೂ ಅದು ಕೆಲಸ ಮಾಡುತ್ತದೆಂದು ಸ್ಪೇನಿನ ವಿಜ್ಞಾನಿಗಳು ತೋರಿಸಿದ ಮೇಲೆ, ಇದು ಸಸ್ಯದ ಆತ್ಮರಕ್ಷಣೆಯ ಸಾಧನವಿರಬಹುದೆಂಬ ವಿಚಾರ ಬಲಗೊಂಡಿತು.

ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳ ಚಿಕ್ಕ ಸರಪಳಿ. ಪ್ರೋಟೀನೂ ಅಂತಹ ಸರಪಳಿಯೇ ಆದರೂ ಅದು ಸಾಮಾನ್ಯವಾಗಿ ಬಹಳ ಉದ್ದವಾದುದು. ೧೯೯೦ರಲ್ಲಿ ಗೋದಿ ಮತ್ತು ಜವೆಯಲ್ಲಿ ಇನ್ನೊಂದು ಬಗೆಯ ಪೆಪ್ಟೈಡುಗಳು ಕಂಡುಬಂದುವು. ಇವುಗಳಲ್ಲಿ ಸುಮಾರು ೪೫ರಿಂದ ೫೪ ಅಮೈನೋ ಆಮ್ಲಗಳಿದ್ದು, ಗಂಧಕವುಳ್ಳ ಎಂಟು ಸಿಸ್ಟೀನುಗಳು ಎರಡೆರಡಾಗಿ ಬೆಸೆದು ನಾಲ್ಕು ಕೊಂಡಿಗಳಾಗುತ್ತವೆ. ನಾಲ್ಕು ಕಡೆ ಹೊಲಿಗೆ ಹಾಕಿದ ಚೀಲದಂತೆ ಇವು ಬಿಸಿಗೂ ಸುಲಭವಾಗಿ ಸಡಿಲುವುದಿಲ್ಲ.

ಮುಂದಿನ ವರ್ಷವೇ, ಎಂದರೆ ೧೯೯೧ರಲ್ಲಿ, ಬ್ಲಾಕ್ ಮತ್ತು ರಿಚರ್ಡ್‌ಸನ್ ಎಂಬವರು ಇದೇ ಕುಟುಂಬಕ್ಕೆ ಸೇರಿದ ಚಿಕ್ಕ ಪ್ರೋಟೀನುಗಳನ್ನು ಜೋಳದ ಕಾಳಿನಲ್ಲಿ ಗುರುತಿಸಿದರು. ಹುಳುಗಳ ಹೊಟ್ಟೆಯಲ್ಲಿ ಪಿಷ್ಟವನ್ನು ಅರಗಿಸುವ ಅಮೈಲೇಸ್ ಎಂಬ ಕಿಣ್ವವನ್ನು ಅವು ತಡೆಯುತ್ತವೆ. ನಮ್ಮ ಹಗೇವುಗಳಲ್ಲಿ ತುಂಬಿದ್ದ ಧಾನ್ಯವೇ ಈ ಹೊಸ ವಿಜ್ಞಾನದ ಆರಂಭದ ಅಧ್ಯಾಯದಲ್ಲಿ ಸೇರಿದೆ ಎಂಬುದು ಗಮನಾರ್ಹ.

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದಲ್ಲಿ ಟೆರಾಸ್, ಬ್ರೂಕಾರ್ಟ್ ಮತ್ತು ಅವರ ಸಂಗಡಿಗರು ೧೯೯೨ರಲ್ಲಿ ಮೂಲಂಗಿಯ ಬೀಜದಿಂದ ಬೂಷ್ಟನ್ನು ತಡೆಯುವ ಎರಡು ಪೆಪ್ಟೈಡುಗಳನ್ನು ಪಡೆದರು. ೧೯೯೫ರಲ್ಲಿ ಅವರು ಪ್ರಕಟಿಸಿದ ಪ್ರಯೋಗ ಇತಿಹಾಸದ ವಿದ್ಯಾರ್ಥಿಗೂ ಸುಲಭವಾಗಿ ಅರ್ಥವಾಗುವಂತಹುದು. ಬೀಜ ಮೊಳೆಯುವಾಗ ಅದರ ಸಿಪ್ಪೆ ಬಿರಿಯುತ್ತದೆ. ಬೂಷ್ಟು ಒಳನುಗ್ಗಲು ಅದೇ ತಕ್ಕ ಸಮಯ. ಆ ಗಳಿಗೆಯಲ್ಲಿಯೇ ಬೀಜ ತನ್ನೊಳಗಿನ ಪೆಪ್ಟೈಡುಗಳನ್ನು ಹೊರಬಿಟ್ಟು, ತನ್ನ ಸುತ್ತ ಬೂಷ್ಟು ಬೆಳೆಯದ ಒಂದು ವಲಯವನ್ನು ಉಂಟುಮಾಡುತ್ತದೆ. ಮನುಷ್ಯರಲ್ಲಿಯೂ ಕೀಟಗಳಲ್ಲಿಯೂ ಇರುವ ಇಂತಹ ರಕ್ಷಕ ಪೆಪ್ಟೈಡುಗಳ ಹೆಸರನ್ನೇ ಅನುಸರಿಸಿ ಇವಕ್ಕೆ ಸಸ್ಯ ಡಿಫೆನ್ಸಿನ್‌ಗಳು ಎಂಬ ಹೆಸರು ನಿಂತಿತು.

ಬಳ್ಳಾರಿ ಸೀಮೆಯ ಇನ್ನೆರಡು ಕಾಳುಗಳೂ ಈ ಪಟ್ಟಿಗೆ ಸೇರಿವೆ. ತೈವಾನಿನ ಸಂಶೋಧಕರು ೨೦೦೨ರಲ್ಲಿ, ಕಾಳುಹುಳುವಿಗೆ ಬಗ್ಗದ ಒಂದು ಹೆಸರಿನ ತಳಿಯಿಂದ ಡಿಫೆನ್ಸಿನ್ ಒಂದನ್ನು ವರ್ಣಿಸಿದರು. ಅದು ಹುಳುವಿನ ಮರಿಯನ್ನು ಕುಂಠಿತಗೊಳಿಸುವುದಲ್ಲದೆ, ಸೊರಗು ರೋಗದ ಫ್ಯುಸೇರಿಯಂ, ಭತ್ತದ ಬೆಂಕಿ ರೋಗದ ಬೂಷ್ಟು ಮತ್ತು ಮನುಷ್ಯನ ಚರ್ಮದಲ್ಲಿ ಹುಳುಕಡ್ಡಿ ಉಂಟುಮಾಡುವ ಟ್ರೈಕೊಫೈಟಾನ್ ಇವುಗಳ ಬೆಳವಣಿಗೆಯನ್ನೂ ತಡೆಯಿತು. ಆ ತಳಿಯ ಹುಳುನಿರೋಧದ ಗುಣ ಬೆರೆತು ಬಂದದ್ದು ಒಂದು ಕಾಡುಹೆಸರಿನಿಂದ. ಇನ್ನು ಭತ್ತ. ೧೯೫೩ರಲ್ಲಿ ತುಂಗಭದ್ರೆಯ ನೀರು ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ ಸಿರುಗುಪ್ಪದ ಜೋಳದ ಹೊಲಗಳೆಷ್ಟೋ ಗದ್ದೆಗಳಾದುವು. ಅದೇ ಭತ್ತದ ಡಿಫೆನ್ಸಿನ್ ಒಂದು ಮನುಷ್ಯರೋಗಕಾರಕವಾದ ಕ್ಯಾಂಡಿಡ ಆಲ್ಬಿಕಾನ್ಸ್ ಎಂಬ ಬೂಷ್ಟಿನ ಮೇಲೆ ಕೆಲಸ ಮಾಡುತ್ತದೆಂದು ಜಪಾನಿನ ನೀಗಾಟ ವಿಶ್ವವಿದ್ಯಾಲಯದವರು ೨೦೧೮ರಲ್ಲಿ ತೋರಿಸಿದರು.

೫

ಈ ಶೋಧಗಳಿಗೆ ವೈದ್ಯರು ಈಗ ಏಕೆ ಕಿವಿಗೊಡುತ್ತಿದ್ದಾರೆಂಬುದನ್ನೂ ಹೇಳಬೇಕು. ಕ್ಯಾಂಡಿಡ ನಮ್ಮಲ್ಲಿ ಅನೇಕರ ಬಾಯಿಯಲ್ಲಿಯೂ ಕರುಳಿನಲ್ಲಿಯೂ ತಂಟೆಯಿಲ್ಲದೆ ಇರುತ್ತದೆ. ರೋಗಿಯ ಶಕ್ತಿ ಕುಂದಿದಾಗ ಅದು ರಕ್ತನಾಳಕ್ಕೆ ಹಾಕಿದ ನಳಿಕೆ, ಕಟ್ಟಿಸಿಕೊಂಡ ಹಲ್ಲುಸೆಟ್ಟು ಮುಂತಾದುವುಗಳ ಮೇಲೆ ಅಂಟಿಕೊಂಡು, ಎಳೆಎಳೆಯಾಗಿ ಬೆಳೆದು, ತಾನೇ ಸ್ರವಿಸಿದ ಲೋಳೆಯ ಹೊದಿಕೆಯೊಳಗೆ ನೆಲೆಗೊಳ್ಳುತ್ತದೆ. ಈ ಕಟ್ಟಡಕ್ಕೆ ಜೈವಿಕಪೊರೆ ಎಂದು ಹೆಸರು. ಕೆರೆಯ ಮೆಟ್ಟಿಲಿನ ಪಾಚಿಯನ್ನು ಎಷ್ಟು ನೀರು ಸುರಿದರೂ ತೊಳೆಯಲಾಗದಂತೆ, ಪೊರೆಯೊಳಗಿನ ಬೂಷ್ಟಿಗೆ ಸಾಮಾನ್ಯ ಪ್ರಮಾಣದ ಔಷಧ ಸಾಲದು. ಬಿಡಿಯಾಗಿ ತೇಲುವ ಬೂಷ್ಟಿನ ಕಣಗಳನ್ನು ಕೊಲ್ಲುವ ಔಷಧವೂ ಪೊರೆಯ ಮುಂದೆ ಸೋಲುವುದುಂಟು. ಕ್ಯಾಂಡಿಡದ ಪೊರೆಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಅಭ್ಯಸಿಸುವ ಕ್ರಮವನ್ನು ಗ್ಲಾಸ್ಗೊ ನಗರದ ಹಾಸರ್ ಮತ್ತು ಡಗ್ಲಾಸ್ ೧೯೯೪ರಲ್ಲಿ ಪ್ರಕಟಿಸಿದರು.

ಬೂಷ್ಟುರೋಗಗಳಿಗಿರುವ ಔಷಧಗಳ ವರ್ಗಗಳು ಬೆರಳೆಣಿಕೆಯಷ್ಟು ಮಾತ್ರ. ೨೦೦೯ರಲ್ಲಿ ಜಪಾನಿನಿಂದ ಮೊದಲು ವರದಿಯಾದ ಕ್ಯಾಂಡಿಡ ಆರಿಸ್ ಅವುಗಳಲ್ಲಿ ಹಲವಕ್ಕೆ ಬಗ್ಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ೨೦೨೨ರ ಅಕ್ಟೋಬರಿನಲ್ಲಿ ಅಪಾಯಕಾರಿಯಾದ ೧೯ ಬೂಷ್ಟುಗಳ ಪಟ್ಟಿಯನ್ನು ಮೊದಲ ಬಾರಿಗೆ ಹೊರಡಿಸಿ, ಈ ಎರಡು ಕ್ಯಾಂಡಿಡಗಳನ್ನೂ ಅತಿ ಗಂಭೀರ ವರ್ಗದಲ್ಲಿ ಸೇರಿಸಿತು. ಅದಕ್ಕೆ ಹಿಂದಿನ ವರ್ಷ ‘ಕಪ್ಪು ಶಿಲೀಂಧ್ರ’ವೆಂಬ ಹೆಸರಿನಲ್ಲಿ ಬೇರೊಂದು ಬೂಷ್ಟು ನಮ್ಮ ನಾಡಿನ ಕುಟುಂಬಗಳನ್ನು ಹೇಗೆ ಕಾಡಿತೆಂಬುದನ್ನು ವಾಚಕರು ಮರೆತಿರಲಾರರು.

ಸಸ್ಯದ ಪೆಪ್ಟೈಡುಗಳು ಇಲ್ಲಿ ಆಸೆ ಹುಟ್ಟಿಸುವುದಕ್ಕೆ ಕಾರಣವಿದೆ. ಮೂಲಂಗಿಯ ಡಿಫೆನ್ಸಿನ್ ಬೂಷ್ಟಿನ ಹೊರಮೈಯಲ್ಲಿರುವ ಗ್ಲೂಕೋಸಿಲ್‌ಸಿರಮೈಡ್ ಎಂಬ ಮೇದಸ್ಸಿಗೆ ಅಂಟಿಕೊಂಡು ಅದನ್ನು ಹಾನಿಗೊಳಿಸುತ್ತದೆ. ಮನುಷ್ಯನ ಜೀವಕೋಶದಲ್ಲಿಯೂ ಅದೇ ಹೆಸರಿನ ಮೇದಸ್ಸಿದ್ದರೂ ರಚನೆ ಬೇರೆಯಾಗಿರುವುದರಿಂದ ಪೆಪ್ಟೈಡ್ ಅದನ್ನು ಹಿಡಿಯುವುದಿಲ್ಲ. ೨೦೧೫ರಲ್ಲಿ ಲೂವೆನ್ನಿನವರು ಹ್ಯೂಕೆರ ಎಂಬ ಅಲಂಕಾರದ ಗಿಡದ ಬೀಜದಿಂದ ದೊರೆತ ಡಿಫೆನ್ಸಿನ್ನನ್ನು ಕ್ಯಾಸ್ಪೊಫಂಗಿನ್ ಎಂಬ ಬಳಕೆಯ ಔಷಧದೊಡನೆ ಸೇರಿಸಿ ಪರೀಕ್ಷಿಸಿದರು. ಕ್ಯಾಂಡಿಡದ ಪೊರೆಯ ಮೇಲೆ ಎರಡೂ ಕೂಡಿ ಮಾಡಿದ ಕೆಲಸ, ಒಂದೊಂದೇ ಮಾಡುವುದಕ್ಕಿಂತ ಮಿಗಿಲಾಗಿದ್ದಿತು.

ಆದರೆ ಪ್ರಯೋಗಶಾಲೆಯ ತಟ್ಟೆಯಿಂದ ರೋಗಿಯ ಹಾಸಿಗೆಗೆ ದಾರಿ ದೂರ. ಪೆಪ್ಟೈಡನ್ನು ನುಂಗಿದರೆ ಜಠರದಲ್ಲಿ ಅರಗಿಹೋಗುವ ಭಯ, ರಕ್ತದಲ್ಲಿರುವಂತಹ ಲವಣಗಳಿಂದ ಅದರ ಶಕ್ತಿ ತಗ್ಗುವ ಭಯ, ತಯಾರಿಕೆಯ ಖರ್ಚು, ಇವೆಲ್ಲ ಅಡ್ಡಿಗಳು. ಸಸ್ಯ ಡಿಫೆನ್ಸಿನ್ನಿನಿಂದ ಉಗುರಿನ ಬೂಷ್ಟುರೋಗಕ್ಕೆ ಲೇಪನವನ್ನು ಸಿದ್ಧಪಡಿಸಿದ ಆಸ್ಟ್ರೇಲಿಯದ ಸಂಸ್ಥೆಯೊಂದು ೨೦೨೨ರಲ್ಲಿ, ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ನಿರೀಕ್ಷಿತ ಫಲ ಕಾಣದೆ ಆ ಕೆಲಸವನ್ನು ನಿಲ್ಲಿಸಿತು. ಹೆಸರುಕಾಳು ತಿಂದರೆ ಹುಳುಕಡ್ಡಿ ವಾಸಿಯಾಗುತ್ತದ��ಂದು ಈ ಸಂಶೋಧನೆಗಳಲ್ಲಿ ಯಾವುದೂ ಹೇಳುವುದಿಲ್ಲ.

೬

ಈಗ ವಿದ್ಯಾರ್ಥಿಯ ಪ್ರಶ್ನೆಗೆ ಹಿಂದಿರುಗೋಣ. ಅದರಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತಿವೆ. ಬೀಜ ತನ್ನನ್ನು ತಾನು ರಕ್ಷಿಸಿಕೊಳ್ಳುತ್ತದೆ ಎಂಬುದು ಪ್ರಕೃತಿಯ ಸಂಗತಿ. ಅದಕ್ಕೆ ಮನುಷ್ಯನ ತಿಳಿವಳಿಕೆ ಬೇಕಿಲ್ಲ. ತಾಳುವ ಬೀಜವನ್ನು ಗುರುತಿಸಿ, ಆರಿಸಿ, ಒಣಗಿಸಿ, ಮುಂದಿನವರ ಕೈಗೆ ಕೊಟ್ಟದ್ದು ರೈತರ ಕೆಲಸ. ಅದು ಅನುಭವದ ಜ್ಞಾನ. ರಕ್ಷಿಸುವ ವಸ್ತುವನ್ನು ಬೇರ್ಪಡಿಸಿ, ಅದರ ರಚನೆಯನ್ನೂ ಕೆಲಸದ ಬಗೆಯನ್ನೂ ತಿಳಿದದ್ದು ೧೯೪೨ರಿಂದೀಚಿನ ಪ್ರಯೋಗಶಾಲೆಯ ಕೆಲಸ. ಎರಡನೆಯದನ್ನು ಮೂರನೆಯದೆಂದು ಹೇಳುವವನು ಹಿರಿಯರಿಗೆ ಗೌರವ ಸಲ್ಲಿಸುತ್ತಿರುವೆನೆಂದು ಭಾವಿಸಬಹುದು. ವಾಸ್ತವವಾಗಿ ಅವರು ಮಾಡಿದ ಕೆಲಸವನ್ನು ಬಿಟ್ಟು, ಮಾಡದ ಕೆಲಸಕ್ಕೆ ಅವರನ್ನು ಹೊಗಳಿದಂತಾಗುತ್ತದೆ. ಎರಡನೆಯದನ್ನು ಮರೆತು ಮೂರನೆಯದೊಂದನ್ನೇ ಇತಿಹಾಸವೆನ್ನುವವನದೂ ಅಷ್ಟೇ ದೊಡ್ಡ ತಪ್ಪು. ಕಾಳನ್ನು ಯಾರೂ ಕಾಯದೆ ಹೋಗಿದ್ದರೆ ಪ್ರಯೋಗಶಾಲೆಯ ಮೇಜಿನ ಮೇಲೆ ಇಡುವುದಕ್ಕೆ ಏನಿರುತ್ತಿತ್ತು?

ಈ ವಿವೇಚನೆ ಪಂಡಿತರ ಚರ್ಚೆಗೆ ಮಾತ್ರ ಸಂಬಂಧಿಸಿದುದಲ್ಲ. ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ ೨೦೦೧ರಲ್ಲಿಯೂ, ಜೀವವೈವಿಧ್ಯ ಅಧಿನಿಯಮ ೨೦೦೨ರಲ್ಲಿಯೂ ನಮ್ಮ ದೇಶದಲ್ಲಿ ಅಂಗೀಕಾರವಾದುವು. ತಳಿಯನ್ನು ಕಾಪಾಡಿದ ಜನರಿಗೆ, ಅದರಿಂದ ಹುಟ್ಟುವ ಲಾಭದಲ್ಲಿ ಪಾಲು ಸಲ್ಲಬೇಕೆಂಬ ತತ್ತ್ವವನ್ನು ಇವು ಒಪ್ಪಿಕೊಂಡಿವೆ. ಊರೂರಿನ ಬೆಳೆ, ತಳಿ, ತಿಳಿವಳಿಕೆಗಳನ್ನು ದಾಖಲಿಸುವ ಜನತಾ ಜೀವವೈವಿಧ್ಯ ದಾಖಲೆಗಳ ಏರ್ಪಾಟೂ ಉಂಟು. ಮುಂದೊಂದು ದಿನ ನಮ್ಮ ಸೀಮೆಯ ಹೆಸರಿನ ತಳಿಯೊಂದರಿಂದ ನಿಜವಾಗಿಯೂ ಬೆಲೆಬಾಳುವ ಪೆಪ್ಟೈಡ್ ದೊರೆತರೆ, ಆ ತಳಿಯನ್ನು ಯಾವ ಊರಿನವರು, ಯಾವ ಹೆಸರಿನಿಂದ, ಎಷ್ಟು ತಲೆಮಾರುಗಳಿಂದ ಉಳಿಸಿದರೆಂಬುದಕ್ಕೆ ದಾಖಲೆ ಕೇಳಲಾಗುತ್ತದೆ. ಆಗ ‘ನಮ್ಮ ಪೂರ್ವಿಕರಿಗೆ ಎಲ್ಲವೂ ತಿಳಿದಿತ್ತು’ ಎಂಬ ಮಾತು ಸಾಕ್ಷ್ಯವಾಗಿ ನಿಲ್ಲಲಾರದು. ಇಂಥ ಊರಿನಲ್ಲಿ, ಇಂಥ ವರ್ಷದಲ್ಲಿ, ಇಂಥ ಬೀಜವನ್ನು ಹೀಗೆ ಇಡುತ್ತಿದ್ದರು ಎಂಬ ಒಂದು ಸಾಲು ನಿಂತೀತು.

ಅಂತಹ ಸಾಲುಗಳನ್ನು ಬರೆಯುವ ಕಾಲ ಮೀರುತ್ತಿದೆ. ಕಾಲುವೆಯ ನೀರಿನಿಂದ ನೆಲದ ತೇವ ಹೆಚ್ಚಿದೆಡೆ ಹಗೇವು ನಿಲ್ಲಲಾರದು. ಉಳಿದೆಡೆಯೂ ಚೀಲ ಮತ್ತು ಗೋದಾಮುಗಳು ಬಂದಮೇಲೆ ಹಗೇವುಗಳನ್ನು ಮುಚ್ಚಿ ಮೇಲೆ ಮನೆ ಕಟ್ಟಿದ್ದಾರೆ. ಅಂಗಡಿಯಲ್ಲಿ ಬೀಜ ಕೊಳ್ಳುವವರಿಗೆ ತೆನೆ ಆರಿಸುವ ಅಗತ್ಯವಿಲ್ಲ. ಇದಕ್ಕೆ ರೈತರನ್ನು ದೂರುವಂತಿಲ್ಲ. ಹೆಚ್ಚು ಇಳುವರಿಯಿಂದ ಅವರ ಮನೆಗಳಲ್ಲಿ ಹಸಿವು ತಗ್ಗಿದೆ. ಆದರೆ ಬಿತ್ತದೆ ಬಿಟ್ಟ ತಳಿಯ ಕಾಳು ಕೆಲವೇ ವರ್ಷಗಳಲ್ಲಿ ಸಾಯುತ್ತದೆ, ಅದರೊಡನೆ ಯಾರೂ ಪರೀಕ್ಷಿಸದ ಅದರ ಪೆಪ್ಟೈಡುಗಳೂ ಹೋಗುತ್ತವೆ. ಬೆಂಕಿಯಲ್ಲಿ ಕರಿದ ಕಾಳು ಸಂಗನಕಲ್ಲಿನ ಮಣ್ಣಿನಲ್ಲಿ ನಾಲ್ಕು ಸಾವಿರ ವರ್ಷ ಉಳಿಯಿತು. ಆದರೆ ಅದು ಮೊಳೆಯದು.

ಬಳ್ಳಾರಿ, ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳ ಕಾಲೇಜುಗಳಲ್ಲಿ ಇತಿಹಾಸ ಕಲಿಸುವ ನಾವು ಈ ವಿಷಯದಲ್ಲಿ ಮಾಡಬಹುದಾದ ಕೆಲಸ ಸಣ್ಣದು, ಆದರೆ ನಮ್ಮಿಂದಲೇ ಆಗಬೇಕಾದುದು. ಪ್ರತಿ ವಿದ್ಯಾರ್ಥಿಯೂ ತನ್ನ ಊರಿನ ಒಬ್ಬ ಹಿರಿಯ ರೈತನನ್ನೋ ಅಜ್ಜಿಯನ್ನೋ ಕಂಡು, ಬೀಜದ ಹೆಸರು, ಇಟ್ಟ ಬಗೆ, ಕೆಟ್ಟ ವರ್ಷ, ಬಿಟ್ಟ ಕಾರಣ ಇವಿಷ್ಟನ್ನು ಅವರ ಮಾತಿನಲ್ಲಿಯೇ ಬರೆದು ತರಲಿ. ಅದಕ್ಕೆ ದಿನಾಂಕವನ್ನೂ ಊರನ್ನೂ ಸೇರಿಸಲಿ. ಸಸ್ಯಶಾಸ್ತ್ರ ವಿಭಾಗದವರು ಆ ಕಾಳಿನ ಒಂದು ಹಿಡಿಯನ್ನು ಜೋಪಾನಮಾಡಲಿ. ಅಂದು ಪ್ರಶ್ನೆ ಕೇಳಿದ ವಿದ್ಯಾರ್ಥಿ ಮೊನ್ನೆ ತನ್ನ ಊರಿನಿಂದ ನಾಲ್ಕು ಪುಟಗಳನ್ನು ಬರೆದು ತಂದಿದ್ದಾನೆ. ಅದರಲ್ಲಿ ಹೆಸರಿನ ಮೂರು ತಳಿಗಳ ಪ್ರಸ್ತಾಪವಿದೆ. ಅವುಗಳಲ್ಲಿ ಎರಡನ್ನು ಈಗ ಅಲ್ಲಿ ಯಾರೂ ಬಿತ್ತುವುದಿಲ್ಲ. ಮೂರನೆಯದು ಅವನ ಅಜ್ಜಿಯ ಗಡಿಗೆಯಲ್ಲಿ, ಬೂದಿಯ ನಡುವೆ, ಇನ್ನೂ ಇದೆ.